ಬಡಿತದ ನಡುವಿನ ಬಿಡುವು: ಕಾಲಿನ ಸ್ನಾಯು ಹೃದಯಕ್ಕೆ ಹೆಗಲು ಕೊಟ್ಟೀತೇ?

ಒಂದು ಸಣ್ಣ ಪ್ರಯೋಗ ಮಾಡಿ. ಎದ್ದು ನಿಂತು, ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ನಾಡಿಯ ಮೇಲಿಡಿ. ನಾಡಿ ಮಿಡಿದದ್ದು ಬೆರಳಿಗೆ ತಿಳಿದ ಕೂಡಲೇ ಹಿಮ್ಮಡಿ ಎತ್ತಿ, ಮುಂದಿನ ಮಿಡಿತ ಬರುವುದರೊಳಗೆ ಇಳಿಸಿ. ಪ್ರತಿ ಬಡಿತಕ್ಕೂ ಒಂದು ಸಲ. ನಾಲ್ಕೈದು ಬಡಿತದವರೆಗೆ ತಾಳ ಕೂಡುತ್ತದೆ, ಆಮೇಲೆ ಜಾರುತ್ತದೆ. ಇದನ್ನು ಬರೆಯಲು ಕೂರುವ ಮುನ್ನ ನಾನು ಹತ್ತು ನಿಮಿಷ ಹೀಗೆ ಹೆಣಗಾಡಿದೆ. ಸತತವಾಗಿ ಇಪ್ಪತ್ತು ಬಡಿತ ಒಮ್ಮೆಯೂ ದಕ್ಕಲಿಲ್ಲ. ತಪ್ಪು ಪೂರ್ತಿ ಕಾಲಿನದೇ ಎನ್ನುವಂತಿಲ್ಲ. ಹಿಮ್ಮಡಿ ಎತ್ತತೊಡಗಿದ್ದೇ ತಡ, ಹೃದಯ ತನ್ನ ವೇಗ ಬದಲಿಸಿಬಿಡುತ್ತದೆ. ಯಾರ ತಾಳಕ್ಕೆ ಕುಣಿಯಹೊರಟೆವೋ ಆ ಮದ್ದಳೆಯವನೇ ನಮ್ಮ ಕುಣಿತ ನೋಡಿ ಲಯ ಬದಲಿಸಿದ ಹಾಗೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಹೇಗೆ ಎನ್ನುವುದೇ ಹೃದಯ ಬಡಿತಕ್ಕೆ ಹೊಂದಿಸಿದ ವಿದ್ಯುತ್ ಸ್ನಾಯು ಉದ್ದೀಪನದ ಮೂಲ ಯೋಚನೆ. ಎದೆಗೆ ಇಸಿಜಿಯ ತಂತಿ, ಮೀನಖಂಡಕ್ಕೂ ತೊಡೆಗೂ ಅಂಟಿಸುವ ಪ್ಯಾಡು. ಇಸಿಜಿಯಲ್ಲಿ ಬಡಿತದ ಚೂಪು ಮೊನೆ ಕಂಡ ಮೇಲೆ ಯಂತ್ರ ಲೆಕ್ಕ ಹಾಕಿದಷ್ಟು ಮಿಲಿಸೆಕೆಂಡು ಕಾಯುತ್ತದೆ, ಬಳಿಕ ಪ್ಯಾಡಿನ ಮೂಲಕ ಚುಟುಕಾಗಿ ವಿದ್ಯುತ್ ಹರಿಸುತ್ತದೆ. ಸ್ನಾಯು ಬಿಗಿಯುತ್ತದೆ, ಮುಂದಿನ ಬಡಿತದ ಹೊತ್ತಿಗೆ ಸಡಿಲಾಗುತ್ತದೆ. ನುಂಗುವ ಮಾತ್ರೆಯಿಲ್ಲ, ಚುಚ್ಚುವ ಸೂಜಿಯಿಲ್ಲ, ನಡೆಯಲಾಗದವರೂ ಮಲಗಿದಲ್ಲೇ ಮಾಡಿಸಿಕೊಳ್ಳಬಹುದು. ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ "ರಕ್ತಸಂಚಾರ ಸುಧಾರಿಸುತ್ತದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ನನ್ನ ತಕರಾರು ಶುರುವಾಗುವುದೇ ಆ ಉತ್ತರದಿಂದ. ಯಾವ ರಕ್ತ, ಎಲ್ಲಿಂದ ಎಲ್ಲಿಗೆ? ಕಾಲಿನ ಅಭಿಧಮನಿಗಳಲ್ಲಿ ಮಡುಗಟ್ಟಿದ ರಕ್ತ ಮೇಲೇರುವುದು ಒಂದು. ಅಪಧಮನಿಗಳ ಮೂಲಕ ಕಾಲಿನ ಸ್ನಾಯುವಿಗೇ ಹೆಚ್ಚು ರಕ್ತ ಇಳಿದು ಬರುವುದು ಇನ್ನೊಂದು. ಹೃದಯದ ಗೋಡೆಗೆ ಉಣಿಸುವ ಕರೋನರಿ ನಾಳಗಳಲ್ಲಿ ಹರಿವು ಹೆಚ್ಚುವುದು, ಜೊತೆಗೆ ಹೃದಯ ತಳ್ಳಬೇಕಾದ ಭಾರ ತಗ್ಗುವುದು ಮೂರನೆಯದು. ಮೂರಕ್ಕೂ ನಾವು ಇಟ್ಟಿರುವ ಹೆಸರು ಒಂದೇ ಆದ್ದರಿಂದ ಒಂದಕ್ಕೆ ಸಿಕ್ಕ ಪುರಾವೆ ಸದ್ದಿಲ್ಲದೆ ಇನ್ನೊಂದರ ಲೆಕ್ಕಕ್ಕೆ ಜಮೆಯಾಗುತ್ತದೆ. ಮೊದಲನೆಯದಕ್ಕೆ ಬಡಿತದ ಗೊಡವೆಯೇ ಬೇಕಿಲ್ಲ. ಮೂರನೆಯದರಲ್ಲಿ ಬಡಿತದ ಹೊಂದಾಣಿಕೆಯೇ ಚಿಕಿತ್ಸೆ. ಅದು ತಪ್ಪಿದರೆ ಯಂತ್ರ ಸುಮ್ಮನಿದ್ದರೇ ಮೇಲು.

ಮೀನಖಂಡವೆಂಬ ಪಂಪು

ಸುಲಭದ್ದನ್ನು ಮೊದಲು ಮುಗಿಸೋಣ. ನಮ್ಮ ಮೈಯ ರಕ್ತದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಯಾವಾಗಲೂ ಅಭಿಧಮನಿಗಳಲ್ಲಿ ಇರುತ್ತದೆ. ಅಲುಗಾಡದೆ ನಿಂತವರ ಕಾಲಿನ ಗಂಟಿನ ಬಳಿ ಅಭಿಧಮನಿಯ ಒತ್ತಡ 80ರಿಂದ 90 ಮಿ.ಮೀ. ಪಾದರಸದಷ್ಟಿರುತ್ತದೆ. ಅದು ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ತೂಕ. 1949ರಲ್ಲಿ ಪೊಲಾಕ್ ಮತ್ತು ವುಡ್ ಎಂಬ ಇಬ್ಬರು ಸಂಶೋಧಕರು ಕಾಲಿನ ಅಭಿಧಮನಿಯೊಳಗೇ ಒತ್ತಡ ಅಳೆದು ತೋರಿಸಿದ್ದು ಏನೆಂದರೆ, ಅದೇ ವ್ಯಕ್ತಿ ನಡೆಯತೊಡಗಿದರೆ ಕೆಲವೇ ಹೆಜ್ಜೆಗಳಲ್ಲಿ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಮೀನಖಂಡ ಬಿಗಿದಾಗ ತನ್ನೊಳಗಿನ ಅಭಿಧಮನಿಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಹೋಗುತ್ತದೆ, ಕೆಳಗೆ ಬರಲು ಕವಾಟ ಬಿಡುವುದಿಲ್ಲ. ಈ ಕವಾಟಗಳನ್ನು 1603ರಲ್ಲೇ ವಿವರವಾಗಿ ಬರೆದಿಟ್ಟ ಇಟಲಿಯ ಫ್ಯಾಬ್ರಿಸಿಯಸ್, ಅವು ರಕ್ತ ಕಾಲಿಗೆ ಧುಮುಕದಂತೆ ತಡೆಯುವ ಒಡ್ಡು ಎಂದುಕೊಂಡಿದ್ದ. ಅವು ಒಮ್ಮುಖ ಬಾಗಿಲು ಎಂದು ಕಂಡುಕೊಂಡವನು ಅವನ ಶಿಷ್ಯ ವಿಲಿಯಂ ಹಾರ್ವೆ. ಅವನ ಪುಸ್ತಕ ಬಂದದ್ದು 1628ರಲ್ಲಿ.

ಇಲ್ಲಿ ಗಮನಿಸಬೇಕಾದದ್ದು ಒಂದೇ: ಈ ಪಂಪು ಕೆಲಸ ಮಾಡಲು ಹೃದಯದ ಅನುಮತಿ ಕೇಳುವುದಿಲ್ಲ. ಹೃದಯ ಸಂಕೋಚಿಸುತ್ತಿರಲಿ, ಸಡಿಲವಾಗಿರಲಿ, ಮೀನಖಂಡ ಹಿಂಡಿದರೆ ರಕ್ತ ಮೇಲೇರುತ್ತದೆ. ಹಾಸಿಗೆ ಹಿಡಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗಾಳಿಪಟ್ಟಿಗಳು ಇದಕ್ಕೆ ಸಾಕ್ಷಿ. 2013ರಲ್ಲಿ ಪ್ರಕಟವಾದ ಕ್ಲಾಟ್ಸ್ 3 ಎಂಬ ದೊಡ್ಡ ಪರೀಕ್ಷೆಯಲ್ಲಿ, ಪಾರ್ಶ್ವವಾಯುವಿನಿಂದ ಚಲನೆ ಕಳೆದುಕೊಂಡ 2876 ರೋಗಿಗಳಿದ್ದರು. ಪಟ್ಟಿ ಕಟ್ಟಿಸಿಕೊಂಡವರಲ್ಲಿ ಶೇ. 8.5 ಮಂದಿಗೆ, ಕಟ್ಟದವರಲ್ಲಿ ಶೇ. 12.1 ಮಂದಿಗೆ ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿತು. ಆ ಪಟ್ಟಿಗಳಿಗೆ ಹೃದಯದ ಬಡಿತ ಗೊತ್ತೇ ಇರುವುದಿಲ್ಲ, ಅವು ತಮ್ಮ ಪಾಡಿಗೆ ಉಬ್ಬಿ ಇಳಿಯುತ್ತವೆ. ಮೊಣಕಾಲಿನ ಹೊರಬದಿಯ ನರಕ್ಕೆ ಸೆಕೆಂಡಿಗೊಮ್ಮೆ ವಿದ್ಯುತ್ ತಟ್ಟಿ ಪಾದ ಕುಣಿಸುವ ಕೈಗಡಿಯಾರದಷ್ಟು ಸಣ್ಣ ಸಾಧನವೂ ಇದೆ. ಹೆಪ್ಪು ತಡೆಯುವ ಬೇರೆ ವಿಧಾನ ಬಳಸಲಾಗದ ರೋಗಿಗಳಿಗೆ ಅದನ್ನು ಬಳಸಬಹುದೆಂದು ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಹೇಳಿತು. ಅದು ತಟ್ಟುವುದೂ ತನ್ನದೇ ಗಡಿಯಾರದಂತೆ. ಆದ್ದರಿಂದ ಯಾರಾದರೂ "ನಮ್ಮದು ಹೃದಯಕ್ಕೆ ಹೊಂದಿಸಿದ ಸಾಧನ, ಕಾಲಿನ ಊತಕ್ಕೆ ಅದೇ ಬೇಕು" ಎಂದರೆ, ಹೊಂದಿಸಿದ್ದಕ್ಕೂ ಊತಕ್ಕೂ ಏನು ಸಂಬಂಧ ಎಂದು ಕೇಳಲು ಸಂಕೋಚ ಬೇಡ.

ಹೃದಯ ಉಣ್ಣುವ ಹೊತ್ತು

ಹಾಗಾದರೆ ಬಡಿತಕ್ಕೆ ಹೊಂದಿಸುವ ತಲೆನೋವು ಯಾಕೆ? ಉತ್ತರ ಹೃದಯದ ಒಂದು ವಿಚಿತ್ರ ಪರಿಸ್ಥಿತಿಯಲ್ಲಿದೆ. ಊರಿಗೆಲ್ಲ ಬಡಿಸುವ ಹೃದಯ ಬಡಿಸುವಾಗ ತಾನು ಉಣ್ಣಲಾರದು. ಮೈಗೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ಬಿಗಿದಾಗ ತನ್ನ ಗೋಡೆಯೊಳಗಿನ ಸಣ್ಣ ನಾಳಗಳನ್ನು ತಾನೇ ಹಿಸುಕಿಬಿಡುತ್ತದೆ. ಹಾಗಾಗಿ ಆ ಗೋಡೆಗೆ ರಕ್ತದ ಬಹುಪಾಲು ಹರಿಯುವುದು ಅದು ಸಡಿಲವಾಗಿರುವಾಗ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತದ ಅವಧಿ 0.8 ಸೆಕೆಂಡು, ಅದರಲ್ಲಿ ಸಂಕೋಚನಕ್ಕೆ ಸುಮಾರು 0.3, ಬಿಡುವಿಗೆ ಸುಮಾರು 0.5. ಜೊತೆಗೆ ಹೃದಯದ ಸ್ನಾಯು ತನಗೆ ಬಂದ ರಕ್ತದಿಂದ ಆಮ್ಲಜನಕದ ಮುಕ್ಕಾಲು ಪಾಲಿನಷ್ಟನ್ನು ಆರಾಮವಾಗಿರುವಾಗಲೇ ಹೀರಿಕೊಂಡಿರುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ.

ಆ ಬಿಡುವಿನಲ್ಲಿ, ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯ ಒತ್ತಡವನ್ನು ಹೊರಗಿನಿಂದ ಏರಿಸಿ, ಸಂಕೋಚನ ಶುರುವಾಗುವ ಹೊತ್ತಿಗೆ ಸರಕ್ಕನೆ ಇಳಿಸಿದರೆ? ಕರೋನರಿ ನಾಳಗಳಿಗೆ ಹರಿವು ಹೆಚ್ಚುತ್ತದೆ, ಹೃದಯ ತೆರೆಯಬೇಕಾದ ಬಾಗಿಲಿನಾಚೆಯ ಒತ್ತಡ ಕಡಿಮೆಯಾಗುತ್ತದೆ. ಉಣ್ಣುವುದು ಹೆಚ್ಚು, ದುಡಿಮೆ ಕಡಿಮೆ. ಇದನ್ನು ವೈದ್ಯರು ಕೌಂಟರ್‌ಪಲ್ಸೇಶನ್ ಎನ್ನುತ್ತಾರೆ. ನಾನು ಎದುರುಮಿಡಿತ ಎನ್ನುತ್ತೇನೆ. 1953ರಲ್ಲಿ ಅಮೆರಿಕದ ಶಸ್ತ್ರವೈದ್ಯ ಏಡ್ರಿಯನ್ ಕಾಂಟ್ರೋವಿಟ್ಜ್ ಮತ್ತು ಅವರ ಅಣ್ಣ, ಭೌತವಿಜ್ಞಾನಿ ಆರ್ಥರ್, ನಾಯಿಗಳ ಮೇಲಿನ ಪ್ರಯೋಗದಲ್ಲಿ ಒತ್ತಡದ ಅಲೆ ಕರೋನರಿ ನಾಳ ತಲುಪುವುದನ್ನು ಬೇಕೆಂದೇ ತಡಮಾಡಿದರು. ಅಲೆ ಹೃದಯದ ಬಿಡುವಿನಲ್ಲಿ ಬಂದು ತಲುಪಿತು, ಕರೋನರಿ ಹರಿವು ಹೆಚ್ಚಿತು.

ಅದೇ ದಶಕದ ಕೊನೆಗೆ ಏಡ್ರಿಯನ್ ಮಾಡಿದ ಇನ್ನೊಂದು ಪ್ರಯೋಗ ಈ ಲೇಖನದ ನಿಜವಾದ ಪೂರ್ವಜ. ನಾಯಿಯ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆ) ಒಂದು ಭಾಗವನ್ನು ಮಹಾಪಧಮನಿಯ ಸುತ್ತ ಸುತ್ತಿ, ವಪೆಯ ನರಕ್ಕೆ ಹೃದಯದ ಬಿಡುವಿನಲ್ಲಿ ವಿದ್ಯುತ್ ಕೊಟ್ಟರು. ಬಡಿತಕ್ಕೆ ಹೊಂದಿಸಿ ಸ್ನಾಯುವನ್ನು ವಿದ್ಯುತ್ತಿನಿಂದ ಬಿಗಿಸಿ ಹೃದಯಕ್ಕೆ ನೆರವಾಗುವ ಯೋಚನೆಗೆ ಆಗಲೇ ಅರವತ್ತು ವರ್ಷ ದಾಟಿದೆ ಎಂದಾಯಿತು. ಹೊಸ ಆವಿಷ್ಕಾರ ಎಂಬ ಮಾತು ಕೇಳಿದಾಗ ನನಗೆ ಆ ನಾಯಿಯ ವಪೆ ನೆನಪಾಗುತ್ತದೆ.

ಸ್ನಾಯುವನ್ನು ಬದಿಗಿಟ್ಟು ಗೆದ್ದದ್ದು ಬಲೂನು. 1960ರ ದಶಕದ ಆರಂಭದಲ್ಲಿ ಮೌಲೊಪೌಲೊಸ್, ಟೋಪಾಜ್ ಮತ್ತು ಕೋಲ್ಫ್ ಅದನ್ನು ಪ್ರಯೋಗಾಲಯದಲ್ಲಿ ರೂಪಿಸಿದರು, 1967ರಲ್ಲಿ ಕಾಂಟ್ರೋವಿಟ್ಜ್ ಮೊದಲ ಬಾರಿಗೆ ರೋಗಿಗೆ ಹಾಕಿದರು. ತೊಡೆಸಂದಿನ ಅಪಧಮನಿಯ ಮೂಲಕ ಮಹಾಪಧಮನಿಗೆ ಏರಿಸಿದ ಉದ್ದನೆಯ ಬಲೂನು, ಒಳಗೆ ಹೀಲಿಯಂ. ಹಗುರವಾದ್ದರಿಂದ ಆ ಅನಿಲ ಸಣ್ಣ ಕೊಳವೆಯಲ್ಲಿ ಬೇಗ ಓಡಾಡುತ್ತದೆ. ಬೇಗ ಎನ್ನುವುದೇ ಇಲ್ಲಿ ಎಲ್ಲವೂ.

ತೀವ್ರ ನಿಗಾ ಘಟಕದಲ್ಲಿ ಈ ಪಂಪಿನ ಹೊಂದಾಣಿಕೆ ಪರೀಕ್ಷಿಸುವ ರೀತಿಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮಿಲಿಸೆಕೆಂಡಿನ ಬೆಲೆ ತಿಳಿಯುತ್ತದೆ. ಪಂಪನ್ನು ಎರಡು ಬಡಿತಕ್ಕೊಮ್ಮೆ ಉಬ್ಬುವಂತೆ ಇಡುತ್ತಾರೆ. ಆಗ ಪರದೆಯ ಮೇಲೆ ನೆರವು ಸಿಕ್ಕ ಬಡಿತ, ಸಿಗದ ಬಡಿತ ಅಕ್ಕಪಕ್ಕ ಕಾಣುತ್ತವೆ. ಒತ್ತಡದ ಗೆರೆ ಏರಿ, ಇಳಿಯತೊಡಗಿ, ನಡುವೆ ಒಂದು ಸಣ್ಣ ಕಚ್ಚು ತೋರಿಸುತ್ತದೆ. ಅದು ಮಹಾಪಧಮನಿಯ ಕವಾಟ ಮುಚ್ಚಿದ ಗುರುತು. ಬಲೂನು ಉಬ್ಬಬೇಕಾದದ್ದು ಸರಿಯಾಗಿ ಅಲ್ಲಿ. ಕಚ್ಚಿಗಿಂತ ಮುಂಚೆ ಉಬ್ಬಿದರೆ ಹೃದಯ ಇನ್ನೂ ರಕ್ತ ಹೊರಹಾಕುತ್ತಿರುವಾಗಲೇ ಬಾಗಿಲು ನೂಕಿ ಮುಚ್ಚಿದಂತೆ. ಇಳಿಯುವುದು ತಡವಾದರೆ ಇನ್ನೂ ಕೆಟ್ಟದ್ದು: ದಣಿದ ಹೃದಯ ಉಬ್ಬಿದ ಬಲೂನಿನ ಎದುರು ತಳ್ಳಬೇಕಾಗುತ್ತದೆ. ಸರಿಯಾಗಿ ಇಳಿದಿದೆಯೇ ಎಂದು ತಿಳಿಯಲು ನೆರವು ಸಿಕ್ಕ ಬಡಿತದ ಕೊನೆಯ ತಗ್ಗು, ಸಿಗದ ಬಡಿತದ ತಗ್ಗಿಗಿಂತ ಕೆಳಗಿದೆಯೇ ಎಂದು ನೋಡುತ್ತಾರೆ. ಒಂದೇ ಬಲೂನು, ಒಂದೇ ಹೀಲಿಯಂ. ಕ್ಷಣ ಸರಿದರೆ ನೆರವು ಹೊರೆಯಾಗುತ್ತದೆ.

ಇಷ್ಟು ನಾಜೂಕಾಗಿ ಹೊಂದಿಸಿದ ಬಲೂನೂ ಎಲ್ಲರನ್ನೂ ಉಳಿಸಲಿಲ್ಲ ಎನ್ನುವುದನ್ನು ಮರೆಯಬಾರದು. 2012ರಲ್ಲಿ ಜರ್ಮನಿಯಿಂದ ಬಂದ ಶಾಕ್ 2 ಪರೀಕ್ಷೆಯಲ್ಲಿ ಹೃದಯಾಘಾತದಿಂದ ರಕ್ತದೊತ್ತಡ ಕುಸಿದ 600 ರೋಗಿಗಳಿದ್ದರು. 30 ದಿನದೊಳಗೆ ಸತ್ತವರು ಬಲೂನು ಹಾಕಿದ ಗುಂಪಿನಲ್ಲಿ ಶೇ. 39.7, ಹಾಕದ ಗುಂಪಿನಲ್ಲಿ ಶೇ. 41.3. ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಶರೀರಶಾಸ್ತ್ರದಲ್ಲಿ ಅಂದವಾಗಿ ಕಂಡದ್ದು ರೋಗಿಯ ಆಯುಸ್ಸಿನಲ್ಲಿ ಕಾಣಲೇಬೇಕೆಂದಿಲ್ಲ. ಮಹಾಪಧಮನಿಯ ಒಳಗೇ ಕುಳಿತ ಬಲೂನಿಗೇ ಈ ಗತಿಯಾದರೆ ಚರ್ಮದ ಮೇಲಿನ ಪ್ಯಾಡಿಗೆ ಎಷ್ಟು ಪುರಾವೆ ಕೇಳಬೇಕು ಎಂಬುದನ್ನು ಇದೇ ಹೇಳುತ್ತದೆ.

ಹೊರಗಿನಿಂದ ಹಿಂಡಿದರೆ

ಬಲೂನು ಚುಚ್ಚಿ ಒಳಗೆ ಹೋಗಬೇಕು. ಅದಿಲ್ಲದೆ ಎದುರುಮಿಡಿತ ತರಿಸುವ ದಾರಿ ಇಇಸಿಪಿ. ರೋಗಿ ಮಂಚದ ಮೇಲೆ ಮಲಗುತ್ತಾರೆ. ಮೀನಖಂಡ, ತೊಡೆ, ನಿತಂಬಕ್ಕೆ ರಕ್ತದೊತ್ತಡ ಅಳೆಯುವ ಪಟ್ಟಿಯಂಥದೇ ದೊಡ್ಡ ಪಟ್ಟಿಗಳು. ಹೃದಯದ ಬಿಡುವಿಗೆ ಸರಿಹೊಂದುವಂತೆ ಮೊದಲು ಮೀನಖಂಡ, ಕ್ಷಣಾರ್ಧದಲ್ಲಿ ತೊಡೆ, ಆಮೇಲೆ ನಿತಂಬ, ಹೀಗೆ ಕೆಳಗಿನಿಂದ ಮೇಲಕ್ಕೆ ಹಿಂಡುತ್ತವೆ; ಟೂತ್‌ಪೇಸ್ಟನ್ನು ಬುಡದಿಂದ ಒತ್ತಿದ ಹಾಗೆ. ಮುಂದಿನ ಬಡಿತಕ್ಕೆ ಮುಂಚೆ ಎಲ್ಲವೂ ಒಟ್ಟಿಗೆ ಬಿಟ್ಟುಕೊಡುತ್ತವೆ. ಒತ್ತಡ 300 ಮಿ.ಮೀ. ಪಾದರಸದವರೆಗೆ. ದಿನಕ್ಕೊಂದು ಗಂಟೆಯಂತೆ ಒಟ್ಟು 35 ಗಂಟೆ ವಾಡಿಕೆ.

1999ರ ಮಸ್ಟ್-ಇಇಸಿಪಿ ಪರೀಕ್ಷೆ ಈ ವಿಧಾನಕ್ಕೆ ಸಿಕ್ಕ ಗಟ್ಟಿ ಆಧಾರಗಳಲ್ಲಿ ಒಂದು: ಎದೆನೋವಿನ 139 ರೋಗಿಗಳು, ಅರ್ಧದಷ್ಟು ಮಂದಿಗೆ ಪೂರ್ಣ ಒತ್ತಡ, ಉಳಿದವರಿಗೆ ಬರೀ 75 ಮಿ.ಮೀ.ನ ಹುಸಿ ಒತ್ತಡ. ನಿಜ ಚಿಕಿತ್ಸೆ ಪಡೆದವರಲ್ಲಿ, ವ್ಯಾಯಾಮದ ನಡುವೆ ಇಸಿಜಿಯಲ್ಲಿ ರಕ್ತದ ಕೊರತೆ ಕಾಣಿಸಿಕೊಳ್ಳುವುದು ತಡವಾಯಿತು. ಒಟ್ಟು ವ್ಯಾಯಾಮದ ಅವಧಿ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚಿತು, ನಡುವಿನ ಅಂತರ ಗಣನೆಗೆ ಬರುವಷ್ಟಿರಲಿಲ್ಲ. ಹುಸಿ ಒತ್ತಡದವರೂ ಹೆಚ್ಚು ಹೊತ್ತು ನಡೆದರು! ವಾರಗಟ್ಟಲೆ ದಿನವೂ ಬಂದು, ಯಾರೋ ಕಾಳಜಿ ಮಾಡುತ್ತಿದ್ದಾರೆ ಎನ್ನಿಸಿಕೊಂಡು, ಗಂಟೆಗಟ್ಟಲೆ ಮಲಗಿದರೆ ಮನುಷ್ಯ ಸ್ವಲ್ಪ ಚೇತರಿಸಿಕೊಳ್ಳುತ್ತಾನೆ. ಹುಸಿ ಗುಂಪಿಲ್ಲದ ಪರೀಕ್ಷೆಯ ಫಲಿತಾಂಶವನ್ನು ಯಾರಾದರೂ ಮುಂದೆ ಹಿಡಿದರೆ ಇದನ್ನು ನೆನೆಸಿಕೊಳ್ಳಿ.

ಸ್ನಾಯುವೇ ಪಂಪಾದರೆ

ಪಟ್ಟಿಯ ಯಂತ್ರ ದೊಡ್ಡದು, ಸದ್ದು ಮಾಡುತ್ತದೆ, ಆಸ್ಪತ್ರೆಗೇ ಹೋಗಬೇಕು. ಪ್ಯಾಡು ಹಗುರ. ಹೊರಗಿನಿಂದ ಹಿಂಡುವ ಬದಲು ಕಾಲಿನ ಸ್ನಾಯುವೇ ಒಳಗಿನಿಂದ ಹಿಂಡಲಿ ಎಂಬ ಆಸೆ ಸಹಜ. 2000ದ ದಶಕದ ಆರಂಭದಲ್ಲಿ ಲಾಪನಾಶ್ವಿಲಿ ಮತ್ತು ಸಂಗಡಿಗರು ಇದನ್ನು ಬಲೂನು ಪಂಪಿಗೆ ಚುಚ್ಚದ ಪರ್ಯಾಯ ಎಂದು ಮುಂದಿಟ್ಟು ಆರಂಭಿಕ ಫಲಿತಾಂಶ ಪ್ರಕಟಿಸಿದರು. 2017ರಲ್ಲಿ ಜಪಾನಿನ ಕುರುಮೆ ವಿಶ್ವವಿದ್ಯಾಲಯದ ತಂಡ, ಕಾಲಿಗೆ ವ್ಯಾಯಾಮವೂ ಆಗಬೇಕು, ಹೃದಯದ ಪಂಪಿಂಗ್ ಹೊರೆಯೂ ತಗ್ಗಬೇಕು ಎಂಬ ಗುರಿಯಿಟ್ಟು ಇಂಥದೇ ಸಾಧನವನ್ನು ಆರೋಗ್ಯವಂತರ ಮೇಲೆ ಪರೀಕ್ಷಿಸಿತು. ಇನ್ನೊಂದು ದಿಕ್ಕಿನಿಂದ, 2018ರಲ್ಲಿ ಓಟಗಾರರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಹೆಜ್ಜೆ ಹೃದಯದ ಬಿಡುವಿಗೆ ಬೀಳುವಂತೆ ಓಡಿದಾಗ, ಸಂಕೋಚನಕ್ಕೆ ಬೀಳುವಂತೆ ಓಡಿದ್ದಕ್ಕಿಂತ ಬಡಿತದ ವೇಗ ಕಡಿಮೆಯಿತ್ತು. ಅಂದರೆ ಯೋಚನೆ ಗಾಳಿಗೋಪುರವಲ್ಲ. ಸ್ನಾಯು ಯಾವ ಕ್ಷಣದಲ್ಲಿ ಹಿಂಡಿತು ಎನ್ನುವುದು ಹೃದಯದವರೆಗೆ ತಲುಪುತ್ತದೆ.

ಎಷ್ಟು ತಲುಪುತ್ತದೆ ಎನ್ನುವುದು ಬೇರೆ ಪ್ರಶ್ನೆ. ಗಾಳಿಪಟ್ಟಿ ಇಡೀ ಕಾಲನ್ನು ಹೊರಗಿನಿಂದ ಹಿಸುಕುತ್ತದೆ, ದೊಡ್ಡ ಅಪಧಮನಿಯೂ ಅದರಲ್ಲಿ ಸಿಕ್ಕಿಬೀಳುತ್ತದೆ. ಹಿಂದಕ್ಕೆ ಹೊರಳಿದ ಆ ಅಲೆಯೇ ಹೃದಯದ ಬುಡದಲ್ಲಿ ಒತ್ತಡ ಏರಿಸುವುದು. ಸ್ನಾಯು ತಾನೇ ಬಿಗಿದಾಗ ಮುಖ್ಯವಾಗಿ ಖಾಲಿಯಾಗುವುದು ಅದರೊಳಗಿನ ತೆಳುಗೋಡೆಯ ಅಭಿಧಮನಿಗಳು. ಕಾಲಿನ ದೊಡ್ಡ ಅಪಧಮನಿಗಳು ಬಹುಮಟ್ಟಿಗೆ ಸ್ನಾಯುಗಳ ಸಂದಿನಲ್ಲಿ ಹಾದುಹೋಗುತ್ತವೆ, ಸ್ನಾಯುವಿನ ಹೊಟ್ಟೆಯಲ್ಲಲ್ಲ. ಹಾಗಾಗಿ ನನ್ನ ಅಂದಾಜಿನಲ್ಲಿ ಸ್ನಾಯು ವಿಧಾನದ ಬಲವಿರುವುದು ಹಿಂಡುವುದರಲ್ಲಿ ಕಡಿಮೆ, ಬಿಡುವುದರಲ್ಲಿ ಹೆಚ್ಚು. ಸರಿಯಾಗಿ ಸಂಕೋಚನಕ್ಕೆ ಮುಂಚೆ ಸಡಿಲಾದ ಸ್ನಾಯು ಹಿಂಡಿದ ಸ್ಪಂಜಿನಂತೆ ರಕ್ತ ಹೀರಿಕೊಳ್ಳಲು ಕಾದಿರುತ್ತದೆ; ಹೃದಯಕ್ಕೆ ತಳ್ಳಲು ಎದುರಿನ ಅಡ್ಡಿ ಕಡಿಮೆ. ಹಾಗಾದರೆ "ಬಲೂನಿಗೆ ಪರ್ಯಾಯ" ಎಂಬ ಹೋಲಿಕೆ ಅರ್ಧಕ್ಕಷ್ಟೇ ಸರಿ.

ಇನ್ನೊಂದು ಪೇಚಿದೆ. ಸ್ನಾಯುವಿಗೆ ವಿದ್ಯುತ್ ಕೊಟ್ಟು ದುಡಿಸಿದರೆ ಅದಕ್ಕೂ ಹಸಿವಾಗುತ್ತದೆ. ಅದರ ನಾಳಗಳು ಹಿಗ್ಗುತ್ತವೆ, ಹೆಚ್ಚು ರಕ್ತ ಬೇಡುತ್ತವೆ, ಒದಗಿಸಬೇಕಾದ್ದು ಮತ್ತೆ ಅದೇ ಹೃದಯ. ಮೆಲ್ಲಗೆ ತಟ್ಟಿದರೆ ಹಿಂಡುವ ಬಲ ಸಾಲದು. ಜೋರಾಗಿ ತಟ್ಟಿದರೆ ಅದು ವ್ಯಾಯಾಮವೇ ಆಗಿ ಬಡಿತ ಏರುತ್ತದೆ. ನೆರವಿಗೆ ಕರೆದ ಆಳಿಗೇ ಅಡುಗೆ ಮಾಡಿ ಹಾಕಬೇಕಾಗಿ ಬಂದಂತೆ. ಈ ಎರಡರ ನಡುವಿನ ಕಿರಿದಾದ ಜಾಗದಲ್ಲೇ ಈ ಚಿಕಿತ್ಸೆ ನಿಲ್ಲಬೇಕು.

ಸ್ನಾಯುವಿನ ದಣಿವನ್ನು ಲಘುವಾಗಿ ಎಣಿಸಿದವರಿಗೆ ಇತಿಹಾಸದಲ್ಲಿ ಒಂದು ಪಾಠವಿದೆ. 1985ರಲ್ಲಿ ಪ್ಯಾರಿಸ್ಸಿನಲ್ಲಿ ಅಲೈನ್ ಕಾರ್ಪೆಂಟಿಯರ್ ಮತ್ತು ಶಾಕ್ವೆಸ್ ಬೆನ್ನಿನ ಅಗಲ ಸ್ನಾಯುವನ್ನು ಬಿಡಿಸಿ ಹೃದಯದ ಸುತ್ತ ಸುತ್ತಿ, ಬಡಿತಕ್ಕೆ ಹೊಂದಿಸಿ ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆ ಆರಂಭಿಸಿದರು. ಬೇಗ ದಣಿಯುವ ಸ್ನಾಯುವನ್ನು ಮಂದಗತಿಯ ವಿದ್ಯುತ್ತಿನಿಂದ ವಾರಗಟ್ಟಲೆ ಪಳಗಿಸಿದರೆ ಅದು ದಣಿವು ತಡೆಯುವ ಜಾತಿಗೆ ತಿರುಗುತ್ತದೆ ಎಂದು ಸ್ಯಾಮನ್ಸ್ ಮತ್ತು ವರ್ಬೋವಾ 1969ರಲ್ಲೇ ತೋರಿಸಿದ್ದರು. ಆ ತಿಳಿವಳಿಕೆಯೇ ಈ ಶಸ್ತ್ರಚಿಕಿತ್ಸೆಯ ಬೆನ್ನೆಲುಬು. ರೋಗಿಗಳು ಹಾಯೆನಿಸುತ್ತದೆ ಎಂದರು, ಹೃದಯದ ಪಂಪಿಂಗ್ ಅಳತೆಗಳಲ್ಲಿ ಆ ಹಾಯಿ ಅಷ್ಟಾಗಿ ಕಾಣಲಿಲ್ಲ. ವಿಧಾನ ಮೆಲ್ಲಗೆ ಮೂಲೆ ಸೇರಿತು.

ಮಿಲಿಸೆಕೆಂಡಿನ ಲೆಕ್ಕ

ಯಂತ್ರ ಮಾಡಬೇಕಾದ ಲೆಕ್ಕವನ್ನು ಒಮ್ಮೆ ನಾವೇ ಮಾಡಿ ನೋಡೋಣ. 75ರ ಬಡಿತ, 800 ಮಿಲಿಸೆಕೆಂಡು. ಇಸಿಜಿಯ ಚೂಪು ಮೊನೆಯಿಂದ ಎಣಿಸಿದರೆ ಮಹಾಪಧಮನಿಯ ಕವಾಟ ಮುಚ್ಚುವುದು ಸುಮಾರು 350ರ ಹೊತ್ತಿಗೆ. ಮೀನಖಂಡದಲ್ಲಿ ಹುಟ್ಟಿದ ಒತ್ತಡದ ಅಲೆ ಸೆಕೆಂಡಿಗೆ 5ರಿಂದ 10 ಮೀಟರ್ ವೇಗದಲ್ಲಿ ಹೃದಯದ ಕಡೆ ಹೊರಟರೆ ತಲುಪಲು 100ರಿಂದ 200 ಬೇಕು. ವಿದ್ಯುತ್ ತಟ್ಟಿದ ಮೇಲೆ ಸ್ನಾಯು ಬಿಗಿಯತೊಡಗಲು ಹತ್ತಾರು ಮಿಲಿಸೆಕೆಂಡು, ಬಿಗಿತ ತುದಿ ಮುಟ್ಟಲು ನೂರರ ಆಸುಪಾಸು. ಸಡಿಲಾಗಲು ಮತ್ತೆ ಅಷ್ಟೇ ಅಥವಾ ಹೆಚ್ಚು. ಇಸಿಜಿಯ ಮೊನೆಯಿಂದ ಎಣಿಸಿದರೆ ಹೃದಯ ಹೊರಡಿಸಿದ ಮಿಡಿತವೇ ಕಾಲು ತಲುಪಲು 200 ದಾಟುತ್ತದೆ. ಆದ್ದರಿಂದ ಹೃದಯದ ಬಿಡುವೂ ಕಾಲಿನ ಬಿಡುವೂ ಒಂದೇ ಕ್ಷಣದವಲ್ಲ. ಹೃದಯದ ಗಡಿಯಾರ ನೋಡಿ ಕಾಲು ಹಿಂಡಿದರೆ ಕಾಲಿಗೆ ಆಗತಾನೇ ಬಂದಿಳಿಯುತ್ತಿರುವ ಮಿಡಿತಕ್ಕೆ ಅಡ್ಡ ಬೀಳಬಹುದು. ಕಾಲಿನ ಗಡಿಯಾರ ನೋಡಿದರೆ ಅಲೆ ಹೃದಯಕ್ಕೆ ತಡವಾಗಿ ಮುಟ್ಟಬಹುದು. ಯಾವ ಗಡಿಯಾರ ನಂಬುತ್ತೀರಿ ಎಂಬುದು ಈ ಸಾಧನ ಮಾಡುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಈಗ ಬಡಿತ 120ಕ್ಕೆ ಏರಲಿ. ಅವಧಿ 500ಕ್ಕೆ ಇಳಿಯಿತು. ಸಂಕೋಚನ ತನ್ನ ಪಾಲನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ, ಕೊರತೆ ಪೂರಾ ಬೀಳುವುದು ಬಿಡುವಿನ ಮೇಲೆ. ಬಿಗಿದು, ಹಿಂಡಿ, ಪೂರ್ತಿ ಸಡಿಲಾಗಲು ಮೀನಖಂಡಕ್ಕೆ ಜಾಗವೇ ಉಳಿಯುವುದಿಲ್ಲ. ಆಗ ಎರಡು ಬಡಿತಕ್ಕೊಮ್ಮೆ ತಟ್ಟುವುದು, ನೆರವನ್ನು ಅರ್ಧಕ್ಕಿಳಿಸಿಕೊಳ್ಳುವುದು.

ಇಷ್ಟರ ಮೇಲೆ ಯಂತ್ರದ ಸ್ವಂತ ಗದ್ದಲ. ಎದೆಯ ಮೇಲೆ ಸಿಗುವ ಇಸಿಜಿಯ ಮೊನೆ ಒಂದು ಮಿಲಿವೋಲ್ಟಿನ ಆಸುಪಾಸು. ಕಾಲಿಗೆ ಕೊಡುವ ತಟ್ಟು ಹತ್ತಾರು ವೋಲ್ಟು. ಪಿಸುಮಾತು ಕೇಳಿಸಿಕೊಳ್ಳುವಾಗ ಪಕ್ಕದಲ್ಲಿ ತಮಟೆ ಬಾರಿಸಿದಂತೆ. ತಟ್ಟುವ ಹೊತ್ತಿನಲ್ಲಿ ಯಂತ್ರ ತನ್ನ ಕಿವಿ ಮುಚ್ಚಿಕೊಂಡು ಆಮೇಲೆ ತೆರೆಯಬೇಕು. ಮುಚ್ಚಿದ್ದಾಗ ಒಂದು ಬಡಿತ ಬಂದು ಹೋದರೆ? ಅಥವಾ ತಾನೇ ಬಾರಿಸಿದ ತಮಟೆಯನ್ನು ಬಡಿತ ಎಂದುಕೊಂಡರೆ?

ದಣಿವಿನ ಲೆಕ್ಕವೂ ಇಲ್ಲಿಯದೇ. ನಾವು ಬೇಕೆಂದು ಕಾಲು ಬಿಗಿಸಿದಾಗ ಮಿದುಳು ಸ್ನಾಯುವಿನ ಎಳೆಗಳನ್ನು ಪಾಳಿಯ ಮೇಲೆ ದುಡಿಸುತ್ತದೆ. ಪ್ಯಾಡಿಗೆ ಆ ಜಾಣತನವಿಲ್ಲ, ತನ್ನ ಕೆಳಗೆ ಸಿಕ್ಕ ಅವವೇ ಎಳೆಗಳನ್ನು ಪ್ರತಿಸಲವೂ ಎಬ್ಬಿಸುತ್ತದೆ. 75ರ ಬಡಿತದಲ್ಲಿ ಗಂಟೆಗೆ 4500 ಸಲ.

ಜಾಹೀರಾತಿನಲ್ಲಿ ಉದುರಿದ ಪದ

ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಎಫ್‌ಡಿಎ ಅನುಮತಿಸಿದ ಸ್ನಾಯು ಉದ್ದೀಪಕಗಳ ಕಾಗದದಲ್ಲಿ ಉಪಯೋಗಗಳ ಒಂದು ರೂಢಿಯ ಸಾಲಿರುತ್ತದೆ. ಸೆಳೆತ ಸಡಿಲಿಸುವುದು, ಬಳಸದೆ ಸೊರಗುವ ಸ್ನಾಯುವನ್ನು ಉಳಿಸುವುದು, ಇವುಗಳ ನಡುವೆ "ಸ್ಥಳೀಯ ರಕ್ತಸಂಚಾರ ಹೆಚ್ಚಿಸುವುದು" ಎಂದೂ ಇರುತ್ತದೆ. ಪ್ಯಾಡು ಅಂಟಿಸಿದ ಜಾಗದಲ್ಲಿ ಎಂದರ್ಥ. ಪ್ರಚಾರದ ಮಾತಿಗೆ ಬರುವಾಗ "ಸ್ಥಳೀಯ" ಉದುರಿಹೋಗುತ್ತದೆ, "ರಕ್ತಸಂಚಾರ" ಉಳಿಯುತ್ತದೆ. ಓದುವವರ ಮನಸ್ಸು ಅದನ್ನು ಹೃದಯಕ್ಕೆ ಜೋಡಿಸಿಕೊಳ್ಳುತ್ತದೆ. ಸುಳ್ಳು ಯಾರೂ ಹೇಳಲಿಲ್ಲ.

ಸ್ಥಳೀಯವಾದದ್ದೂ ರೋಗಿಗೆ ದಕ್ಕುತ್ತದೆ ಎಂಬ ಖಾತರಿಯಿಲ್ಲ. ಕಾಲಿನ ಅಪಧಮನಿ ಕಿರಿದಾಗಿ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುವ 200 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನೆಸಿಕ್ ಎಂಬ ಪರೀಕ್ಷೆ ನಡೆಯಿತು. ವಾಡಿಕೆಯ ಚಿಕಿತ್ಸೆಯ ಜೊತೆಗೆ ಪಾದದಡಿಯ ವಿದ್ಯುತ್ ಉದ್ದೀಪಕ ಸೇರಿಸಿದವರು ಮೂರು ತಿಂಗಳ ಬಳಿಕ ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ದೂರವೇನೂ ನಡೆಯಲಿಲ್ಲ. ಆ ಸಾಧನ ಬಡಿತಕ್ಕೆ ಹೊಂದಿಸಿದ್ದಲ್ಲ, ನಿಜ. ಆದರೆ ಹೊಂದಿಸಿದ್ದರೆ ಫಲ ಬೇರೆಯಾಗುತ್ತಿತ್ತು ಎನ್ನುವವರು ಅದನ್ನು ಹೀಗೆಯೇ ಪರೀಕ್ಷೆ ಮಾಡಿ ತೋರಿಸಬೇಕು. ಒಂದೇ ಸಾಧನ, ಒಂದೇ ಬಲ. ಒಂದು ಗುಂಪಿಗೆ ಬಿಡುವಿನಲ್ಲಿ ತಟ್ಟು, ಇನ್ನೊಂದಕ್ಕೆ ಬಡಿತ ನೋಡದೆ ತಟ್ಟು. ಕಾಲಿಗೆ ಆಗುವ ಅನುಭವ ಎರಡರಲ್ಲೂ ಒಂದೇ ಆದ್ದರಿಂದ ರೋಗಿಗೆ ತಾನು ಯಾವ ಗುಂಪು ಎಂದು ತಿಳಿಯುವುದು ಕಷ್ಟ. ವಿದ್ಯುತ್ ಚಿಕಿತ್ಸೆಯಲ್ಲಿ ಇಷ್ಟು ಒಳ್ಳೆಯ ಹುಸಿ ಗುಂಪು ಸಿಗುವುದೇ ಅಪರೂಪ. ಹೊಂದಾಣಿಕೆಯೇ ನಮ್ಮ ಹೆಚ್ಚುಗಾರಿಕೆ ಎನ್ನುವವರಿಗೆ ಇದಕ್ಕಿಂತ ಸಲೀಸಾದ ಪರೀಕ್ಷೆ ಬೇರೆ ಬೇಕೆ?

ಮನೆಯಲ್ಲಿ ಬಳಸುವ ಆಸೆಯಿರುವವರಿಗೆ ಒಂದೆರಡು ಮಾತು. ಪೇಸ್‌ಮೇಕರ್ ಅಥವಾ ಎದೆಯೊಳಗೆ ಕೂರಿಸಿದ ಡಿಫಿಬ್ರಿಲೇಟರ್ ಇರುವವರು ವೈದ್ಯರನ್ನು ಕೇಳದೆ ಇಂಥ ಪ್ಯಾಡು ಮುಟ್ಟಬಾರದು. ಹೊರಗಿನ ತಟ್ಟನ್ನು ಒಳಗಿನ ಸಾಧನ ಹೃದಯದ ಗೊಂದಲವೆಂದು ತಪ್ಪು ತಿಳಿಯಬಹುದು. ಕಾಲಿನಲ್ಲಿ ಈಗಾಗಲೇ ಹೆಪ್ಪುಗಟ್ಟಿದ್ದರೆ ಹಿಂಡುವುದೇ ಅಪಾಯ, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು. ಕತ್ತಿನ ಮುಂಭಾಗಕ್ಕೂ ಎದೆಯ ಅಡ್ಡಕ್ಕೂ ಪ್ಯಾಡು ಬೇಡ. ಮತ್ತೆ, ಇಸಿಜಿ ತಂತಿಯೋ ನಾಡಿ ನೋಡುವ ಸಂವೇದಕವೋ ಇಲ್ಲದ ಸಾಧನ "ಹೃದಯಕ್ಕೆ ಹೊಂದಿಸಿದ್ದು" ಎಂದು ಹೇಳಿಕೊಂಡರೆ, ಬಡಿತವನ್ನು ಅದು ಎಲ್ಲಿಂದ ಕೇಳಿಸಿಕೊಳ್ಳುತ್ತದೆ ಎಂದು ನೋಡಿ.

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಮುಂದಿನ ಬಡಿತ ಯಾವಾಗ ಬರುತ್ತದೆಂದು ಹಿಂದಿನ ಬಡಿತ ನೋಡಿ ಹೇಳಬಹುದು ಎಂದು. ಸ್ನಾಯು ಸಡಿಲಾಗಲು ಹೊತ್ತು ಬೇಕಾದ್ದರಿಂದ ಬಿಡುವ ನಿರ್ಧಾರವನ್ನು ಯಂತ್ರ ಬಡಿತ ಬರುವ ಮುಂಚೆಯೇ, ಊಹೆಯ ಮೇಲೆ ಮಾಡಬೇಕು. ಆರೋಗ್ಯವಂತ ಯುವಕನ ಎದೆಯಲ್ಲಿ ಈ ಊಹೆ ಸುಮಾರಾಗಿ ಫಲಿಸುತ್ತದೆ. ಹೃದಯ ಸೋತವರಲ್ಲಿ, ಅಂದರೆ ಈ ನೆರವು ಯಾರಿಗೆ ಹೆಚ್ಚು ಬೇಕೋ ಅವರಲ್ಲಿ, ಹೃತ್ಕರ್ಣದ ಕಂಪನ ಸಾಮಾನ್ಯ ಸಂಗಾತಿ. ಆಗ ಒಂದು ಬಡಿತ 600 ಮಿಲಿಸೆಕೆಂಡಿಗೆ ಬಂದರೆ ಮುಂದಿನದು 900ಕ್ಕೆ, ಅದರ ಮುಂದಿನದು 450ಕ್ಕೆ, ಯಾವ ಕ್ರಮವೂ ಇಲ್ಲದೆ. ಆ 450ರ ಬಡಿತ ಬಂದಾಗ ಮೀನಖಂಡ ಇನ್ನೂ ಬಿಗಿದೇ ಇರುತ್ತದೆ.